ಜಿಪಿಎಸ್ ಕೈಕೊಟ್ಟಾಗ ವಿಮಾನಕ್ಕೆ ರನ್‌ವೇ ಸಿಗುವುದು ಹೇಗೆ?

2025ರ ನವೆಂಬರ್ ತಿಂಗಳಲ್ಲಿ ದೆಹಲಿಯ ಇಂದಿರಾ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದತ್ತ ಇಳಿಯುತ್ತಿದ್ದ ಕೆಲವು ವಿಮಾನಗಳ ಜಿಪಿಎಸ್ ಉಪಕರಣಗಳು ತಪ್ಪು ಸ್ಥಾನವನ್ನು ತೋರಿಸತೊಡಗಿದವು. ಕೆಲವು ವಿಮಾನಗಳನ್ನು ಜೈಪುರ, ಲಖನೌ ಕಡೆಗೆ ತಿರುಗಿಸಬೇಕಾಯಿತು. ಡಿಸೆಂಬರ್ 1ರಂದು ನಾಗರಿಕ ವಿಮಾನಯಾನ ಸಚಿವರು ರಾಜ್ಯಸಭೆಗೆ ನೀಡಿದ ಉತ್ತರದಲ್ಲಿ, ದೆಹಲಿಯ ‘10’ ಎಂಬ ಸಂಖ್ಯೆಯ ರನ್‌ವೇಗೆ ಜಿಪಿಎಸ್ ಆಧಾರಿತ ವಿಧಾನದಲ್ಲಿ ಇಳಿಯುತ್ತಿದ್ದ ಕೆಲವು ವಿಮಾನಗಳು ಸುಳ್ಳು ಸಂಕೇತಗಳಿಗೆ ಒಳಗಾದದ್ದು ನಿಜವೆಂದು ಒಪ್ಪಿಕೊಂಡರು. ಕೋಲ್ಕತ್ತ, ಅಮೃತಸರ, ಮುಂಬೈ, ಹೈದರಾಬಾದ್, ಚೆನ್ನೈಗಳ ಜೊತೆಗೆ ನಮ್ಮ ಬೆಂಗಳೂರಿನಿಂದಲೂ ಇಂಥ ವರದಿಗಳು ಬಂದಿವೆ ಎಂಬ ಮಾತು ಅದೇ ಉತ್ತರದಲ್ಲಿತ್ತು.

ಆ ಉತ್ತರದ ಇನ್ನೊಂದು ವಾಕ್ಯವನ್ನು ಗಮನಿಸಬೇಕು. ಸಾಂಪ್ರದಾಯಿಕ ಮಾರ್ಗದರ್ಶಿ ಸಾಧನಗಳು ಕೆಲಸ ಮಾಡುತ್ತಿದ್ದ ದೆಹಲಿಯ ಉಳಿದ ರನ್‌ವೇಗಳಲ್ಲಿ ಯಾವ ವಿಮಾನಕ್ಕೂ ತೊಂದರೆಯಾಗಲಿಲ್ಲ ಎಂಬುದೇ ಆ ವಾಕ್ಯ. ಒಂದೇ ನಿಲ್ದಾಣ, ಒಂದೇ ಆಕಾಶ, ಅದೇ ಸುಳ್ಳು ಸಂಕೇತ. ಆದರೂ ಒಂದು ರನ್‌ವೇಯಲ್ಲಿ ಸಮಸ್ಯೆಯಾದರೆ ಪಕ್ಕದ ರನ್‌ವೇಗಳಲ್ಲಿ ಆಗಲಿಲ್ಲ. ಇದಕ್ಕೆ ಕಾರಣ ತಿಳಿದರೆ ಈ ವಿಷಯದ ಬಹುಪಾಲು ತಿಳಿದಂತೆ. ಅದಕ್ಕಾಗಿ ಮೊದಲು ಜಿಪಿಎಸ್ ಎಷ್ಟು ದುರ್ಬಲ ದನಿಯಲ್ಲಿ ಮಾತನಾಡುತ್ತದೆ ಎಂಬಲ್ಲಿಂದ ಆರಂಭಿಸೋಣ.

(ಅದೇ ನವೆಂಬರ್ ತಿಂಗಳಲ್ಲಿ ದೆಹಲಿಯಲ್ಲಿ ನೂರಾರು ವಿಮಾನಗಳು ತಡವಾದವಲ್ಲ, ಆ ಘಟನೆ ಬೇರೆ. ವಿಮಾನಗಳ ಹಾರಾಟದ ಯೋಜನೆಗಳನ್ನು ನಿಯಂತ್ರಕರಿಗೆ ರವಾನಿಸುವ ಸಂದೇಶ ವ್ಯವಸ್ಥೆ ಆಗ ಕೆಟ್ಟಿತ್ತು. ದಾರಿ ತೋರಿಸುವ ಸಾಧನಗಳಿಗೂ ಅದಕ್ಕೂ ಸಂಬಂಧವಿಲ್ಲ.)

ಪಿಸುಮಾತಿನಂಥ ಸಂಕೇತ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದರಲ್ಲೂ ಅತಿ ನಿಖರವಾದ ಪರಮಾಣು ಗಡಿಯಾರವಿದೆ. ‘ನಾನು ಇಂಥ ಜಾಗದಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಪ್ರತಿ ಉಪಗ್ರಹವೂ ಎಡೆಬಿಡದೆ ಸಾರುತ್ತಿರುತ್ತದೆ. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತು ಎಂದು ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಹಳ್ಳಿಯ ಹಿರಿಯರು ಅಂದಾಜಿಸುವಂತೆ, ಆ ಸಂಕೇತ ತಲುಪಲು ಎಷ್ಟು ಕಾಲ ಹಿಡಿಯಿತು ಎಂಬುದರಿಂದ ವಿಮಾನದ ಗ್ರಾಹಕವು ಆ ಉಪಗ್ರಹಕ್ಕೂ ತನಗೂ ಇರುವ ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ವಿಮಾನದ ಸ್ಥಾನ, ಎತ್ತರ ಹಾಗೂ ನಿಖರ ಸಮಯ ಮೂರೂ ಸಿಗುತ್ತವೆ. ರೇಡಿಯೊ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವುದರಿಂದ, ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಅಳತೆ 300 ಮೀಟರ್‌ನಷ್ಟು ತಪ್ಪುತ್ತದೆ.

ಅಷ್ಟು ದೂರದಿಂದ ಬರುವ ಸಂಕೇತ ನಮ್ಮನ್ನು ಮುಟ್ಟುವ ಹೊತ್ತಿಗೆ ತೀರಾ ಕ್ಷೀಣಿಸಿರುತ್ತದೆ. ಒಂದು ವ್ಯಾಟ್ ಶಕ್ತಿಯನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟೇ ಉಳಿದಿರುತ್ತದೆ. ಹೀಗಾಗಿ ಅದೇ ತರಂಗಾಂತರದಲ್ಲಿ ನೆಲದಿಂದ ಯಾರಾದರೂ ಸ್ವಲ್ಪ ಬಲವಾದ ಗದ್ದಲ ಹೊರಡಿಸಿದರೂ ಉಪಗ್ರಹದ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಜಾತ್ರೆಯ ಧ್ವನಿವರ್ಧಕದ ಪಕ್ಕದಲ್ಲಿ ನಿಂತವನಿಗೆ ಪಿಸುಮಾತು ಕೇಳಿಸದಿರುವ ಹಾಗೆ. ಇದಕ್ಕೆ ಜ್ಯಾಮಿಂಗ್ ಎನ್ನುತ್ತಾರೆ. ಜ್ಯಾಮಿಂಗ್ ಆದಾಗ ‘ಜಿಪಿಎಸ್ ಸಿಗುತ್ತಿಲ್ಲ’ ಎಂಬ ಎಚ್ಚರಿಕೆ ಕಾಕ್‌ಪಿಟ್‌ನಲ್ಲಿ ಮೂಡುತ್ತದೆ. ಏನೋ ಕೆಟ್ಟಿದೆ ಎಂಬುದಾದರೂ ಪೈಲಟ್‌ಗೆ ತಿಳಿಯುತ್ತದೆ.

ಇನ್ನೊಂದು ಬಗೆಯ ಹಾವಳಿಯ ಹೆಸರು ಸ್ಪೂಫಿಂಗ್. ಇಲ್ಲಿ ಗದ್ದಲದ ಬದಲು, ಉಪಗ್ರಹದ್ದೇ ಎಂದು ನಂಬಿಸುವ ಸುಳ್ಳು ಸಂಕೇತವನ್ನು ಕಳುಹಿಸುತ್ತಾರೆ. ಹೆದ್ದಾರಿಯ ಮೈಲಿಗಲ್ಲುಗಳನ್ನು ರಾತ್ರೋರಾತ್ರಿ ಕಿತ್ತು ಬೇರೆಡೆ ನೆಟ್ಟರೆ ಹೊಸ ಚಾಲಕ ಯಾವ ಸಂಶಯವೂ ಇಲ್ಲದೆ ತಪ್ಪು ಲೆಕ್ಕ ಹಾಕುತ್ತಾನಲ್ಲ, ಇದೂ ಹಾಗೆಯೇ. ಯಾವ ಎಚ್ಚರಿಕೆಯೂ ಬರದೆ, ವಿಮಾನವು ತಾನಿಲ್ಲದ ಜಾಗದಲ್ಲಿ ತಾನಿದ್ದೇನೆಂದು ತೋರಿಸತೊಡಗುವುದರಿಂದ ಸ್ಪೂಫಿಂಗ್ ಹೆಚ್ಚು ಅಪಾಯಕಾರಿ. ಯುದ್ಧ ನಡೆಯುವ ಅಥವಾ ಗಡಿ ತಂಟೆಯಿರುವ ಪ್ರದೇಶಗಳಲ್ಲಿ, ಡ್ರೋನ್‌ಗಳ ದಾರಿ ತಪ್ಪಿಸಲು ಹೊರಡಿಸುವ ಸಂಕೇತಗಳು ಮೇಲೆ ಹಾರುವ ಪ್ರಯಾಣಿಕ ವಿಮಾನಗಳನ್ನೂ ತಟ್ಟುತ್ತವೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿಯವರೆಗೆ ಭಾರತದ ಗಡಿ ಪ್ರದೇಶಗಳಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತಮುತ್ತ, ಇಂಥ 465 ಪ್ರಕರಣಗಳು ವರದಿಯಾಗಿವೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿತ್ತು.

ಇಳಿಯುವಾಗ ಬೇಕಾದ ಲೆಕ್ಕ

ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ವಿಮಾನ ಒಂದೆರಡು ಕಿಲೋಮೀಟರ್ ಪಕ್ಕಕ್ಕೆ ಸರಿದರೆ ಅದನ್ನು ತಿದ್ದಿಕೊಳ್ಳಲು ಸಮಯವಿರುತ್ತದೆ. ಇಳಿಯುವಾಗ ಆ ಅವಕಾಶವಿಲ್ಲ. ಅಂತರರಾಷ್ಟ್ರೀಯ ನಿಲ್ದಾಣದ ರನ್‌ವೇ ಸಾಮಾನ್ಯವಾಗಿ 45 ಮೀಟರ್ ಅಗಲವಿರುತ್ತದೆ, ವಿಮಾನ ಗಂಟೆಗೆ 250 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಅದರತ್ತ ಬರುತ್ತದೆ. ಪೈಲಟ್‌ಗೆ ಆಗ ಮೂರು ಪ್ರಶ್ನೆಗಳಿಗೆ ಕ್ಷಣಕ್ಷಣಕ್ಕೂ ಉತ್ತರ ಬೇಕು: ನಾನು ರನ್‌ವೇಯ ನೇರದಲ್ಲಿದ್ದೇನೆಯೇ, ಅದು ಇನ್ನೆಷ್ಟು ದೂರವಿದೆ, ಈ ದೂರಕ್ಕೆ ನನ್ನ ಎತ್ತರ ಸರಿಯಾಗಿದೆಯೇ?

ಮೂರನೆಯ ಪ್ರಶ್ನೆಗೆ ಜಗತ್ತಿನ ಬಹುತೇಕ ನಿಲ್ದಾಣಗಳಲ್ಲಿ ಒಂದೇ ಸೂತ್ರ. ವಿಮಾನ 3 ಡಿಗ್ರಿ ಇಳಿಜಾರಿನಲ್ಲಿ ಬರಬೇಕು. ಒಂದು ಕಿಲೋಮೀಟರ್ ಮುಂದೆ ಸಾಗಿದರೆ ಸುಮಾರು 52 ಮೀಟರ್ ಕೆಳಗಿಳಿಯುವ ಲೆಕ್ಕ ಇದು. ನೆಲ ಮುಟ್ಟುವ ಜಾಗ ಹತ್ತು ಕಿಲೋಮೀಟರ್ ದೂರವಿದ್ದಾಗ ವಿಮಾನ 520 ಮೀಟರ್ ಎತ್ತರದಲ್ಲಿರಬೇಕು.

ಬಾನು ತಿಳಿಯಾಗಿದ್ದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಮೋಡ, ಮಳೆ ಅಥವಾ ಮಂಜು ಕವಿದಾಗ ಉಪಕರಣಗಳೇ ಕಣ್ಣು. ಪ್ರತಿಯೊಂದು ವಿಧಾನಕ್ಕೂ ಒಂದು ‘ನಿರ್ಧಾರದ ಎತ್ತರ’ವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಉಪಕರಣವನ್ನು ನಂಬಿ ಅಲ್ಲಿಯವರೆಗೆ ಮಾತ್ರ ಇಳಿಯಬಹುದು. ಅಷ್ಟರೊಳಗೆ ರನ್‌ವೇ ಅಥವಾ ಅದರ ದೀಪಗಳು ಕಾಣದಿದ್ದರೆ ಮತ್ತೆ ಮೇಲೇರಲೇಬೇಕು. ವಿಧಾನ ನಿಖರವಾದಷ್ಟೂ ಈ ಎತ್ತರ ಕಡಿಮೆಯಾಗುತ್ತದೆ. ಮುಂದೆ ಬರುವ ಒಂದೊಂದು ಸಾಧನದ ಬೆಲೆಯನ್ನೂ ಈ ಒಂದು ಸಂಖ್ಯೆಯಿಂದಲೇ ಅಳೆಯಬಹುದು.

ಐಎಲ್‌ಎಸ್: ಎರಡು ದನಿಗಳ ನಡುವಿನ ದಾರಿ

ಜಿಪಿಎಸ್‌ಗಿಂತ ದಶಕಗಳಷ್ಟು ಹಳೆಯದಾದರೂ ಇಂದಿಗೂ ಅತ್ಯಂತ ನೆಚ್ಚಿಕೆಯ ಸಾಧನವೆಂದರೆ ಐಎಲ್‌ಎಸ್, ಅಂದರೆ ಉಪಕರಣ ಆಧಾರಿತ ಇಳಿಕೆ ವ್ಯವಸ್ಥೆ. ಇದರ ಆರಂಭಿಕ ರೂಪವನ್ನು ಬಳಸಿ 1938ರಷ್ಟು ಹಿಂದೆಯೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪ್ರಯಾಣಿಕರಿದ್ದ ವಿಮಾನವೊಂದು ಹಿಮಪಾತದ ನಡುವೆ ಇಳಿದಿತ್ತು. ಇದರ ಕೆಲಸದ ರೀತಿ ಎಷ್ಟು ಸರಳವೆಂದರೆ, ಒಮ್ಮೆ ಅರ್ಥವಾದರೆ ಮರೆಯುವುದಿಲ್ಲ.

ಒಂದು ಊರಿನ ತೇರಿನ ಬೀದಿಯನ್ನು ಊಹಿಸಿಕೊಳ್ಳಿ. ಬೀದಿಯ ಎಡಬದಿಗೆ ಡೋಲಿನ ದನಿ, ಬಲಬದಿಗೆ ನಾಗಸ್ವರದ ದನಿ ಒಂದೇ ಪ್ರಮಾಣದಲ್ಲಿ ಹೊಮ್ಮುತ್ತಿದೆ. ಕಣ್ಣು ಕಟ್ಟಿಕೊಂಡು ನಡೆಯುವವನಿಗೆ ಡೋಲು ಜೋರಾಗಿ ಕೇಳಿಸಿದರೆ ತಾನು ಎಡಕ್ಕೆ ಸರಿದಿದ್ದೇನೆಂದು ತಿಳಿಯುತ್ತದೆ, ನಾಗಸ್ವರ ಜೋರಾದರೆ ಬಲಕ್ಕೆ. ಎರಡೂ ಸಮವಾಗಿ ಕೇಳಿಸಿದರೆ ಅವನು ಬೀದಿಯ ನಟ್ಟನಡುವೆ ಇದ್ದಾನೆ. ರನ್‌ವೇಯ ಆಚೆ ತುದಿಯ ಹೊರಗೆ ಸಾಲಾಗಿ ನಿಂತಿರುವ ‘ಲೋಕಲೈಜರ್’ ಆಂಟೆನಾಗಳು ಮಾಡುವುದು ಇದನ್ನೇ. ಇಳಿಯಲು ಬರುವ ವಿಮಾನದ ಎಡಬದಿಗೆ 90 ಹರ್ಟ್ಜ್ ಸ್ವರ, ಬಲಬದಿಗೆ 150 ಹರ್ಟ್ಜ್ ಸ್ವರ ಪ್ರಬಲವಾಗಿರುವಂತೆ ಅವು ರೇಡಿಯೊ ಅಲೆಗಳನ್ನು ಹರಡುತ್ತವೆ. ವಿಮಾನದ ಗ್ರಾಹಕ ಎರಡರ ಪ್ರಮಾಣವನ್ನು ಹೋಲಿಸಿ ಪರದೆಯ ಮೇಲಿನ ಗುರುತನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ.

ಎತ್ತರಕ್ಕೂ ಇದೇ ಉಪಾಯವನ್ನು ಅಡ್ಡಡ್ಡಲಾಗಿ ಬಳಸುತ್ತಾರೆ. ವಿಮಾನ ನೆಲ ಮುಟ್ಟುವ ಜಾಗದ ಪಕ್ಕದಲ್ಲಿ, ರನ್‌ವೇಯ ಆರಂಭದಿಂದ ಸುಮಾರು 300 ಮೀಟರ್ ಒಳಗೆ, ‘ಗ್ಲೈಡ್‌ಪಾತ್’ ಎಂಬ ಇನ್ನೊಂದು ಆಂಟೆನಾ ಕಂಬವಿರುತ್ತದೆ. ಇಳಿಜಾರಿನ ಮೇಲ್ಗಡೆ ಒಂದು ಸ್ವರ, ಕೆಳಗಡೆ ಇನ್ನೊಂದು. ಎರಡೂ ಸಮವಾಗುವ ಜಾಗವೇ 3 ಡಿಗ್ರಿಯ ದಾರಿ. ಈ ಎರಡು ಸಮತೋಲನಗಳು ಕೂಡುವ ಗೆರೆ ಕತ್ತಲಲ್ಲೂ ಮಂಜಿನಲ್ಲೂ ವಿಮಾನವನ್ನು ರನ್‌ವೇಗೆ ಕರೆತರುವ, ಕಣ್ಣಿಗೆ ಕಾಣದ ಜಾರುಹಾದಿ.

ಉಪಗ್ರಹದ ಸಂಕೇತ ಇಪ್ಪತ್ತು ಸಾವಿರ ಕಿಲೋಮೀಟರ್ ಆಚೆಯಿಂದ ಬರಬೇಕಾದರೆ, ಈ ಸಂಕೇತ ಬರುವುದು ಕೆಲವೇ ಕಿಲೋಮೀಟರ್ ದೂರದಿಂದ. ವಿಮಾನ ಹತ್ತಿರ ಬಂದಂತೆ ಅದು ಇನ್ನಷ್ಟು ಬಲವಾಗುತ್ತದೆ. ಅದರ ತರಂಗಾಂತರವೂ ಬೇರೆ. ಜಿಪಿಎಸ್‌ಗಾಗಿ ಹೊರಡಿಸಿದ ಗದ್ದಲವಾಗಲಿ ಸುಳ್ಳಾಗಲಿ ಅದನ್ನು ಮುಟ್ಟುವುದಿಲ್ಲ. ದೆಹಲಿಯ ಒಗಟಿಗೆ ಉತ್ತರ ಇಲ್ಲಿದೆ. ಮಂಜಿನ ಕಾಲಕ್ಕೆ ಸಜ್ಜುಗೊಳಿಸಲೆಂದು ‘10’ ಸಂಖ್ಯೆಯ ರನ್‌ವೇಯ ಐಎಲ್‌ಎಸ್ ಅನ್ನು ಮೇಲ್ದರ್ಜೆಗೇರಿಸುವ ಕೆಲಸ ಆಗ ನಡೆದಿತ್ತು. ಅದಿಲ್ಲದ ಅವಧಿಯಲ್ಲಿ ವಿಮಾನಗಳು ಜಿಪಿಎಸ್ ಆಧಾರಿತ ವಿಧಾನವನ್ನು ನೆಚ್ಚಿದ್ದವು, ಅದೇ ಹೊತ್ತಿಗೆ ಸುಳ್ಳು ಸಂಕೇತವೂ ಬಂತು. ಐಎಲ್‌ಎಸ್ ಇದ್ದ ರನ್‌ವೇಗಳಿಗೆ ಬಂದವರಿಗೆ ಜಿಪಿಎಸ್ ಕೆಟ್ಟರೂ ಇಳಿಯುವ ದಾರಿ ಕೆಡಲಿಲ್ಲ.

ಐಎಲ್‌ಎಸ್‌ನಲ್ಲೂ ದರ್ಜೆಗಳಿವೆ. ಮೊದಲ ದರ್ಜೆಯಲ್ಲಿ ನಿರ್ಧಾರದ ಎತ್ತರ 200 ಅಡಿ, ರನ್‌ವೇ ಮೇಲೆ ಕನಿಷ್ಠ 550 ಮೀಟರ್ ದೂರ ಕಾಣುತ್ತಿರಬೇಕು. ಎರಡನೆಯದರಲ್ಲಿ ಎತ್ತರ 100 ಅಡಿಗೆ ಇಳಿಯುತ್ತದೆ. ಮೂರನೆಯ ದರ್ಜೆಯ ಮೇಲ್ಮಟ್ಟದಲ್ಲಿ 50 ಮೀಟರ್ ಕಂಡರೂ ಸಾಕು, ಆಟೊಪೈಲಟ್ ತಾನೇ ವಿಮಾನವನ್ನು ನೆಲ ಮುಟ್ಟಿಸುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದ ದಕ್ಷಿಣ ರನ್‌ವೇಗೆ ಈ ಮೂರನೆಯ ದರ್ಜೆಯ ಸೌಲಭ್ಯವಿದೆ. ದೇವನಹಳ್ಳಿಯ ಬಯಲಿನಲ್ಲಿ ಡಿಸೆಂಬರ್, ಜನವರಿಯ ಮುಂಜಾನೆ ಕವಿಯುವ ಮಂಜನ್ನು ನೋಡಿದವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಅಂಥ ಮಂಜಿನಲ್ಲಿ ವಿಮಾನ ತಾನಾಗಿ ಇಳಿಯುವಾಗ ದಾರಿ ತೋರಿಸುವುದು ಐಎಲ್‌ಎಸ್, ಕೊನೆಯ ಕ್ಷಣಗಳ ಎತ್ತರ ಹೇಳುವುದು ವಿಮಾನದ ಹೊಟ್ಟೆಯಡಿಯ ರೇಡಿಯೊ ಎತ್ತರಮಾಪಕ. ಅಲ್ಲಿ ಉಪಗ್ರಹದ ಪಾತ್ರವೇ ಬೇಕಿಲ್ಲ.

ಹಾಗೆಂದು ಐಎಲ್‌ಎಸ್ ದೋಷರಹಿತವೇನಲ್ಲ. ಆಂಟೆನಾದ ಮುಂದೆ ದೊಡ್ಡ ವಾಹನವೋ ಇನ್ನೊಂದು ವಿಮಾನವೋ ನಿಂತರೆ ಅಲೆಗಳು ಅದಕ್ಕೆ ತಾಗಿ ಚೆದುರುತ್ತವೆ. ಮಂಜಿನಲ್ಲಿ ವಿಮಾನಗಳ ನಡುವೆ ಹೆಚ್ಚು ಅಂತರ ಬಿಡುವುದಕ್ಕೆ ಇದೂ ಒಂದು ಕಾರಣ. ಸರಿಯಾದ ಇಳಿಜಾರಿನ ಮೇಲ್ಗಡೆ ಇನ್ನೂ ಕಡಿದಾದ ಹುಸಿ ಇಳಿಜಾರುಗಳು ಮೂಡುತ್ತವೆ. ಅವುಗಳಿಗೆ ಸಿಕ್ಕಿಕೊಳ್ಳದಿರಲೆಂದೇ ಪೈಲಟ್‌ಗಳು ಸಾಮಾನ್ಯವಾಗಿ ಕೆಳಗಿನಿಂದ ಬಂದು ದಾರಿ ಹಿಡಿಯುತ್ತಾರೆ, ಇಷ್ಟು ದೂರಕ್ಕೆ ಇಷ್ಟು ಎತ್ತರವಿದೆಯೇ ಎಂದು ತಾಳೆ ನೋಡುತ್ತಾರೆ. ಸಂಕೇತಗಳು ನೇರವಾಗಿಯೇ ಇವೆಯೇ ಎಂದು ನೋಡಲು ಅಳತೆಯ ಉಪಕರಣಗಳಿರುವ ವಿಶೇಷ ವಿಮಾನವನ್ನು ಆಗಾಗ ಹಾರಿಸಬೇಕು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಇದಕ್ಕಾಗಿಯೇ ಒಂದು ಘಟಕವಿದೆ. ರನ್‌ವೇಯ ಪ್ರತಿ ತುದಿಗೂ ಪ್ರತ್ಯೇಕ ಐಎಲ್‌ಎಸ್ ಬೇಕು. ಅದನ್ನು ಕೂರಿಸಲು ಸಮತಟ್ಟಾದ ನೆಲವೂ ಸಾಕಷ್ಟು ಹಣವೂ ಬೇಕಾಗುವುದರಿಂದ ಸಣ್ಣ ಊರುಗಳ ಎಷ್ಟೋ ನಿಲ್ದಾಣಗಳಲ್ಲಿ ಅದಿಲ್ಲ.

ವಿಒಆರ್ ಮತ್ತು ಡಿಎಂಇ: ದಿಕ್ಕು ಒಬ್ಬನಿಂದ, ದೂರ ಇನ್ನೊಬ್ಬನಿಂದ

ಐಎಲ್‌ಎಸ್ ಇಲ್ಲದ ಕಡೆ ಮುಂದಿನ ಆಸರೆ ವಿಒಆರ್. ಉಡುಪಿ ಬಳಿಯ ಕಾಪು ಕಡಲತೀರದಲ್ಲಿರುವಂಥ ದೀಪಸ್ತಂಭವನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಬೆಳಕಿನ ಕೋಲು ಒಂದು ಸುತ್ತಿಗೆ 60 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅದು ಉತ್ತರ ದಿಕ್ಕನ್ನು ಹಾಯುವಾಗಲೆಲ್ಲ ಎಲ್ಲ ಕಡೆಗೂ ಕಾಣುವಂತೆ ಇನ್ನೊಂದು ದೀಪ ಮಿನುಗುತ್ತದೆ ಎಂದಿಟ್ಟುಕೊಳ್ಳಿ. ಮಿನುಗು ಕಂಡ 15 ಸೆಕೆಂಡಿಗೆ ಕೋಲು ನಿಮ್ಮ ಕಣ್ಣಿಗೆ ಹೊಡೆದರೆ ಅದು ಕಾಲು ಸುತ್ತು ತಿರುಗಿದೆ; ನೀವು ದೀಪಸ್ತಂಭದ ಪೂರ್ವಕ್ಕಿದ್ದೀರಿ. ವಿಒಆರ್ ಕೇಂದ್ರ ರೇಡಿಯೊ ಅಲೆಗಳಲ್ಲಿ ಇದೇ ಕೆಲಸವನ್ನು ಸೆಕೆಂಡಿಗೆ 30 ಬಾರಿ ಮಾಡುತ್ತದೆ. ಹಾಗಾಗಿ ವಿಮಾನಕ್ಕೆ ತಾನು ಆ ಕೇಂದ್ರದಿಂದ ಯಾವ ದಿಕ್ಕಿಗಿದ್ದೇನೆ ಎಂಬುದು ಸದಾ ತಿಳಿಯುತ್ತಿರುತ್ತದೆ.

ದೂರವನ್ನು ಹೇಳುವುದು ಅದರ ಜೊತೆಗಾರ ಡಿಎಂಇ. ಕಣಿವೆಯ ಆಚೆ ಗುಡ್ಡದಲ್ಲಿರುವ ಗೆಳೆಯನನ್ನು ನೀವು ಕೂಗಿ ಕರೆಯುತ್ತೀರಿ. ಅವನು ಕೇಳಿಸಿಕೊಂಡು, ಮೊದಲೇ ಮಾತಾಡಿಕೊಂಡಷ್ಟು ಹೊತ್ತು ತಡೆದು ಓಗೊಡುತ್ತಾನೆ. ಅವನು ತಡೆದ ಹೊತ್ತನ್ನು ಕಳೆದು ಉಳಿದುದನ್ನು ಅರ್ಧ ಮಾಡಿದರೆ ದನಿ ಅಲ್ಲಿಗೆ ಹೋಗಲು ಹಿಡಿದ ಸಮಯ ಸಿಗುತ್ತದೆ. ವಿಮಾನ ರೇಡಿಯೊ ಮಿಡಿತದಿಂದ ಕೂಗುತ್ತದೆ, ನೆಲದ ಕೇಂದ್ರ ಸಾಮಾನ್ಯವಾಗಿ 50 ಮೈಕ್ರೋಸೆಕೆಂಡ್ ತಡೆದು ಓಗೊಡುತ್ತದೆ. ಸುತ್ತಲಿನ ಎರಡು ಡಿಎಂಇಗಳ ದೂರ ಗೊತ್ತಾದರೆ ವಿಮಾನದ ಕಂಪ್ಯೂಟರ್ ಉಪಗ್ರಹದ ನೆರವಿಲ್ಲದೆಯೇ ತನ್ನ ಸ್ಥಾನವನ್ನು ಕಂಡುಕೊಳ್ಳಬಲ್ಲದು. ನಿಲ್ದಾಣದ ಸಮೀಪದವರೆಗೆ ಬರಲು ಅಷ್ಟು ಸಾಕು.

ಆದರೆ ವಿಒಆರ್‌ನಿಂದ ಇಳಿಜಾರಿನ ದಾರಿ ಸಿಗುವುದಿಲ್ಲ, ದಿಕ್ಕಿನಲ್ಲೂ ಒಂದೆರಡು ಡಿಗ್ರಿ ಆಚೀಚೆ ಆಗಬಹುದು. 60 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಪಕ್ಕಕ್ಕೆ ಹೋದಂತೆ. ಈ ಕಾರಣಕ್ಕೆ ವಿಒಆರ್ ನೆಚ್ಚಿ ಇಳಿಯುವಾಗ ಸಾಮಾನ್ಯವಾಗಿ ನಾಲ್ಕುನೂರು, ಐನೂರು ಅಡಿ ಅಥವಾ ಅದಕ್ಕೂ ಮೇಲೆಯೇ ರನ್‌ವೇ ಕಾಣಬೇಕು. ಮೋಡ ಅದಕ್ಕಿಂತ ಕೆಳಗೆ ತೂಗುತ್ತಿದ್ದರೆ ಈ ವಿಧಾನ ಪ್ರಯೋಜನಕ್ಕೆ ಬಾರದು. ಮಲೆನಾಡಿನ ಜುಲೈ ತಿಂಗಳನ್ನು ಬಲ್ಲವರಿಗೆ ಐನೂರು ಅಡಿಗೂ ಇನ್ನೂರು ಅಡಿಗೂ ಇರುವ ವ್ಯತ್ಯಾಸ ಎಷ್ಟು ದೊಡ್ಡದೆಂದು ಗೊತ್ತು.

ಎನ್‌ಡಿಬಿ ಎಂಬ ಇನ್ನೂ ಹಳೆಯ ದಿಕ್ಸೂಚಕ ಕೇಂದ್ರಗಳೂ ಇದ್ದವು. ಗುಡುಗು ಮಳೆಯಲ್ಲಿ ಅವುಗಳ ಸೂಜಿ ಮಿಂಚಿನ ಕಡೆಗೇ ವಾಲುವಷ್ಟು ಅವು ಚಂಚಲ, ಈಗ ಮರೆಯಾಗುತ್ತಿವೆ.

ವಿಮಾನದ ಹೊಟ್ಟೆಯೊಳಗಿನ ಲೆಕ್ಕಿಗ

ಹೊರಗಿನ ಯಾವ ಸಂಕೇತವನ್ನೂ ಕೇಳದ ಒಂದು ಸಾಧನ ದೊಡ್ಡ ವಿಮಾನಗಳಲ್ಲೆಲ್ಲ ಇರುತ್ತದೆ. ಅದು ಜಡತ್ವ ಆಧಾರಿತ ಮಾರ್ಗದರ್ಶಿ ವ್ಯವಸ್ಥೆ, ಚಿಕ್ಕದಾಗಿ ಐಆರ್‌ಎಸ್. ಶಿರಾಡಿ ಘಾಟಿಯಲ್ಲಿ ದಿನವೂ ಓಡಾಡುವವರು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೂ ಮೈ ಎಡಕ್ಕೆ ವಾಲಿದ್ದು, ಬಲಕ್ಕೆ ವಾಲಿದ್ದು, ಬ್ರೇಕ್ ಹಾಕಿದ್ದು ಇವುಗಳಿಂದಲೇ ಗುಂಡ್ಯ ಬಂತೆಂದು ಹೇಳಬಲ್ಲರು. ಐಆರ್‌ಎಸ್ ಕೂಡ ಲೇಸರ್ ಗೈರೊಸ್ಕೋಪ್‌ಗಳಿಂದ ವಿಮಾನದ ಪ್ರತಿ ತಿರುವನ್ನೂ, ವೇಗೋತ್ಕರ್ಷ ಮಾಪಕಗಳಿಂದ ಪ್ರತಿ ತಳ್ಳಾಟವನ್ನೂ ಅಳೆದು, ಹೊರಟ ಜಾಗದಿಂದ ಈಗ ಎಲ್ಲಿಗೆ ಬಂದಿದ್ದೇನೆಂದು ಕೂಡುತ್ತಾ ಹೋಗುತ್ತದೆ. ಅದನ್ನು ಹೊರಗಿನಿಂದ ಯಾರೂ ಜ್ಯಾಮ್ ಮಾಡಲಾರರು.

ಇದರ ಮಿತಿಯೆಂದರೆ ಸಣ್ಣ ತಪ್ಪುಗಳು ಒಂದರ ಮೇಲೊಂದು ಸೇರುತ್ತಾ ಹೋಗುವುದು. ತಿದ್ದುವವರಿಲ್ಲದಿದ್ದರೆ ಒಂದು ಗಂಟೆಯಲ್ಲಿ ಒಂದೆರಡು ಕಿಲೋಮೀಟರ್‌ನಷ್ಟು ಸ್ಥಾನ ಜಾರಬಹುದು. ಸಾಗರದ ಮೇಲೆ ಹಾರಲು ಅದು ಸಾಕು; 45 ಮೀಟರ್ ಅಗಲದ ರನ್‌ವೇ ಹುಡುಕಲು ಸಾಲದು. ಹಾಗಾಗಿ ಐಆರ್‌ಎಸ್ ವಿಮಾನವನ್ನು ಊರಿನ ಬಾಗಿಲವರೆಗೆ ತರುತ್ತದೆ, ಅಲ್ಲಿಂದ ಐಎಲ್‌ಎಸ್ ಅಥವಾ ವಿಒಆರ್ ಕೈ ಹಿಡಿಯಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಎಷ್ಟೋ ಆಧುನಿಕ ವಿಮಾನಗಳಲ್ಲಿ ಐಆರ್‌ಎಸ್‌ನ ಜಾರಿಕೆಯನ್ನು ತಿದ್ದುವ ಕೆಲಸ ಜಿಪಿಎಸ್‌ನದೇ. ಜಿಪಿಎಸ್ ಸುಳ್ಳಾಡತೊಡಗಿದಾಗ ಆ ತಿದ್ದುವಿಕೆಯೂ ಸುಳ್ಳಾಗಿ, ಸರಿಯಾಗಿದ್ದ ಲೆಕ್ಕವನ್ನೂ ಕೆಡಿಸಬಹುದು. 2023ರಲ್ಲಿ ಇರಾಕ್, ಇರಾನ್ ಸುತ್ತಮುತ್ತ ಹಾರಿದ ಕೆಲವು ವಿಮಾನಗಳಿಗೆ ಆದದ್ದು ಇದೇ. ಕೆಲವು ಪೈಲಟ್‌ಗಳು ನೆಲದ ನಿಯಂತ್ರಕರನ್ನು ಕೇಳಿಯೇ ದಿಕ್ಕು ತಿಳಿಯಬೇಕಾಯಿತು. ಅಂದಿನಿಂದ, ಸ್ಪೂಫಿಂಗ್ ಇದೆಯೆಂದು ತಿಳಿದಿರುವ ವಲಯ ಹೊಗುವ ಮುನ್ನ, ಸೌಲಭ್ಯವಿರುವ ವಿಮಾನಗಳಲ್ಲಿ ಜಿಪಿಎಸ್‌ನ ಮಾತನ್ನು ಕಂಪ್ಯೂಟರ್ ಕೇಳದಂತೆ ಬೇರ್ಪಡಿಸುವುದು ರೂಢಿಯಾಗಿದೆ. ನೆಲ ಹತ್ತಿರವಾದಾಗ ‘ಪುಲ್ ಅಪ್’ ಎಂದು ಕೂಗುವ ಎಚ್ಚರಿಕೆಯ ಉಪಕರಣವೂ ಜಿಪಿಎಸ್ ಸ್ಥಾನವನ್ನು ನಕ್ಷೆಯೊಂದಿಗೆ ಹೋಲಿಸುವುದರಿಂದ, ಸಾಗರದ ಮೇಲೆಯೂ ಬೆಟ್ಟ ಬಂತೆಂದು ಕೂಗಬಹುದು. ಹುಸಿ ಕೂಗು ಮತ್ತೆ ಮತ್ತೆ ಕೇಳಿದವರು ನಿಜವಾದ ಕೂಗನ್ನೂ ಅಲಕ್ಷಿಸುವ ಸಂಭವವಿದೆ. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಆತಂಕ ತರುವುದು ಇದೇ, ಏಕೆಂದರೆ ಇದಕ್ಕೆ ಇನ್ನೊಂದು ಯಂತ್ರವನ್ನು ಕೂರಿಸಿ ಪರಿಹಾರ ಕಾಣಲಾಗದು. ಪೈಲಟ್‌ನ ತರಬೇತಿಯೇ ಅದನ್ನು ನಿಭಾಯಿಸಬೇಕು.

ಎತ್ತರದ ವಿಷಯದಲ್ಲಿ ಮಾತ್ರ ವಿಮಾನಗಳು ಮೊದಲಿನಿಂದಲೂ ಸ್ವತಂತ್ರ. ಗಾಳಿಯ ಒತ್ತಡದಿಂದ ಎತ್ತರ ಹೇಳುವ ಮಾಪಕವೇ ಮುಖ್ಯ. ಆ ದಿನದ ಸ್ಥಳೀಯ ಒತ್ತಡವನ್ನು ನಿಯಂತ್ರಕರು ತಿಳಿಸುತ್ತಾರೆ, ಪೈಲಟ್ ಅದಕ್ಕೆ ತಕ್ಕಂತೆ ಮಾಪಕವನ್ನು ಸರಿಹೊಂದಿಸುತ್ತಾರೆ. ಸುಮಾರು 2,500 ಅಡಿಯ ಕೆಳಗೆ ರೇಡಿಯೊ ಎತ್ತರಮಾಪಕವೂ ಜೊತೆಗೂಡಿ, ಅಲೆಯನ್ನು ನೆಲಕ್ಕೆ ಬಡಿದು ಮರಳಿಸಿ ನೆಲದಿಂದ ಇರುವ ನೇರ ಅಂತರವನ್ನು ಹೇಳುತ್ತದೆ.

ನಿಯಂತ್ರಕರ ರಾಡಾರ್

ವಿಮಾನಕ್ಕೆ ತಾನೆಲ್ಲಿದ್ದೇನೆಂದು ತಿಳಿಯದಿದ್ದರೂ ನೆಲದಲ್ಲಿರುವವರಿಗೆ ತಿಳಿದಿರಬಹುದು. ರಾಡಾರ್ ಅಲೆಗಳು ವಿಮಾನಕ್ಕೆ ಬಡಿದು ಮರಳುವುದರಿಂದ, ಅಥವಾ ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ರಾಡಾರ್‌ನ ಕರೆಗೆ ಕೊಡುವ ಮಾರುತ್ತರದಿಂದ, ನಿಯಂತ್ರಕರ ಪರದೆಯಲ್ಲಿ ಅದರ ಸ್ಥಾನ ಮೂಡುತ್ತದೆ. ಇದಕ್ಕೆ ಜಿಪಿಎಸ್ ಬೇಡ. ಆಗ ನಿಯಂತ್ರಕರು ‘ಇಷ್ಟು ಡಿಗ್ರಿಗೆ ತಿರುಗಿ, ಇಷ್ಟು ಅಡಿಗೆ ಇಳಿಯಿರಿ’ ಎಂದು ಹೇಳುತ್ತಾ ವಿಮಾನವನ್ನು ಐಎಲ್‌ಎಸ್ ದಾರಿಯ ಮುಖಕ್ಕೆ ತಂದು ನಿಲ್ಲಿಸುತ್ತಾರೆ. ಪೈಲಟ್ ಮಾಡಬೇಕಾದದ್ದು ಹೇಳಿದ ದಿಕ್ಕನ್ನು ಕಾಯ್ದುಕೊಳ್ಳುವುದಷ್ಟೆ. ಆದರೆ ಎಡಿಎಸ್-ಬಿ ಎಂಬ ಹೊಸ ವ್ಯವಸ್ಥೆಯಲ್ಲಿ ವಿಮಾನವೇ ತನ್ನ ಜಿಪಿಎಸ್ ಸ್ಥಾನವನ್ನು ಪ್ರಸಾರ ಮಾಡುವುದರಿಂದ ಅಲ್ಲಿ ಸುಳ್ಳು ನುಸುಳುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ವಿಮಾನಗಳು ಒಮ್ಮೊಮ್ಮೆ ಎಲ್ಲಿಂದೆಲ್ಲಿಗೋ ಜಿಗಿದಂತೆ ಕಾಣಿಸುವುದು ಈ ಕಾರಣಕ್ಕೆ.

ಹವೆ ತಿಳಿಯಾಗಿದ್ದರೆ ಕೊನೆಯ ಸಾಧನ ಮನುಷ್ಯನ ಕಣ್ಣು. ಅದಕ್ಕೆ ನೆರವಾಗಲು ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲಿರುತ್ತದೆ, ಹೆಸರು ಪಿಎಪಿಐ (‘ಪಾಪಿ’). ಮೇಲಿನಿಂದ ನೋಡಿದರೆ ಬಿಳಿಯಾಗಿಯೂ ಕೆಳಗಿನಿಂದ ನೋಡಿದರೆ ಕೆಂಪಾಗಿಯೂ ಕಾಣುವಂತೆ ಪ್ರತಿ ದೀಪವನ್ನೂ ಸ್ವಲ್ಪ ಬೇರೆ ಕೋನಕ್ಕೆ ತಿರುಗಿಸಿರುತ್ತಾರೆ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆ. ನಾಲ್ಕೂ ಬಿಳಿಯಾದರೆ ತೀರಾ ಮೇಲಿದೆ, ನಾಲ್ಕೂ ಕೆಂಪಾದರೆ ಅಪಾಯಕಾರಿಯಾಗಿ ಕೆಳಗಿದೆ.

ಹಳೆಯದನ್ನು ಎಷ್ಟು ಉಳಿಸಿಕೊಳ್ಳಬೇಕು?

ಜಿಪಿಎಸ್ ವಿಧಾನಗಳು ಬಂದದ್ದು ಒಳ್ಳೆಯ ಕಾರಣಗಳಿಗೇ. ನೆಲದಲ್ಲಿ ದುಬಾರಿ ಯಂತ್ರ ಕೂರಿಸದೆ ಸಣ್ಣ ನಿಲ್ದಾಣಕ್ಕೂ ಸುರಕ್ಷಿತ ದಾರಿ ಸಿಗುತ್ತದೆ, ಬೆಟ್ಟಗಳ ನಡುವೆ ಬಾಗಿದ ದಾರಿಯನ್ನೂ ರೂಪಿಸಬಹುದು. ಉಪಗ್ರಹ ಸಂಕೇತಗಳ ತಪ್ಪನ್ನು ತಿದ್ದಿ ವಿಮಾನಗಳಿಗೆ ತಲುಪಿಸಲು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅದನ್ನು ಬಳಸಿ 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಷನ್‌ಗಢದಲ್ಲಿ ಇಂಡಿಗೊದ ಎಟಿಆರ್ ವಿಮಾನ ಇಳಿಯಿತು. ಆದರೆ ಗಗನ್ ತಿದ್ದುವುದು ಉಪಗ್ರಹ ಗಡಿಯಾರದ, ವಾಯುಮಂಡಲದ ಸಹಜ ದೋಷಗಳನ್ನು. ಪಕ್ಕದಲ್ಲಿ ನಿಂತು ಯಾರೋ ಜಿಪಿಎಸ್‌ನ ದನಿಯನ್ನೇ ಅಡಗಿಸಿದರೆ ತಿದ್ದಲು ಅಲ್ಲೇನೂ ಉಳಿದಿರುವುದಿಲ್ಲ. ನಮ್ಮದೇ ‘ನಾವಿಕ್’ ಉಪಗ್ರಹಗಳು ಬೇರೆ ತರಂಗಾಂತರಗಳನ್ನೂ ಬಳಸುವುದರಿಂದ ಅವುಗಳ ದನಿಯೂ ಜೊತೆಗಿದ್ದರೆ ಮೋಸ ಮಾಡುವುದು ಕಷ್ಟವಾದೀತು. ಆದರೂ ಅವೂ ಬಾಹ್ಯಾಕಾಶದಿಂದ ಬರುವ ಕ್ಷೀಣ ದನಿಗಳೇ.

ನೆಲದ ಆಸರೆ ಪೂರ್ತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಎಸ್ಟೋನಿಯಾದ ಟಾರ್ಟು ನಗರ ಕಂಡಿತು. ಅಲ್ಲಿನ ಸಣ್ಣ ನಿಲ್ದಾಣದಲ್ಲಿ ಆಗ ಇದ್ದ ವಿಧಾನಗಳೆಲ್ಲ ಜಿಪಿಎಸ್ ಬೇಡುವಂಥವು. 2024ರ ಏಪ್ರಿಲ್ ಕೊನೆಯಲ್ಲಿ ಜಿಪಿಎಸ್ ಹಾವಳಿಯಿಂದ ಫಿನ್‌ಏರ್‌ನ ಎರಡು ವಿಮಾನಗಳು ಇಳಿಯಲಾಗದೆ ಹೆಲ್ಸಿಂಕಿಗೆ ಮರಳಿದವು. ಬಳಿಕ ಸಂಸ್ಥೆ ಮೇ ಕೊನೆಯವರೆಗೆ ಆ ಊರಿನ ಸೇವೆಯನ್ನೇ ನಿಲ್ಲಿಸಿ, ಜಿಪಿಎಸ್ ಬೇಡದ ವಿಧಾನ ಸಿದ್ಧವಾದ ಮೇಲೆ ಜೂನ್‌ನಲ್ಲಿ ಮತ್ತೆ ಆರಂಭಿಸಿತು.

ಎಲ್ಲ ಹಳೆಯ ಕೇಂದ್ರಗಳನ್ನೂ ನಡೆಸುವುದು ದುಬಾರಿ, ಎಲ್ಲವನ್ನೂ ಮುಚ್ಚುವುದು ಅಪಾಯ. ಇದಕ್ಕೆ ಕಂಡುಕೊಂಡ ಮಧ್ಯದ ದಾರಿಗೆ ‘ಕನಿಷ್ಠ ಕಾರ್ಯಾಚರಣಾ ಜಾಲ’ ಎನ್ನುತ್ತಾರೆ. ಅಮೆರಿಕ ತನ್ನ ವಿಒಆರ್‌ಗಳನ್ನು ಕಡಿತ ಮಾಡುವಾಗ, ಜಿಪಿಎಸ್ ಕೆಟ್ಟ ವಿಮಾನಕ್ಕೆ 100 ನಾಟಿಕಲ್ ಮೈಲಿನೊಳಗೆ (ಸುಮಾರು 185 ಕಿಲೋಮೀಟರ್) ಐಎಲ್‌ಎಸ್ ಅಥವಾ ವಿಒಆರ್‌ನಿಂದ ಇಳಿಯಬಹುದಾದ ಒಂದು ನಿಲ್ದಾಣವಾದರೂ ಸಿಗಬೇಕೆಂಬ ಅಳತೆಗೋಲನ್ನು ಇಟ್ಟುಕೊಂಡಿತು. ಭಾರತವೂ ಇಂಥ ಜಾಲವನ್ನು ಉಳಿಸಿಕೊಂಡಿದೆ ಎಂದು ಸಚಿವರು ರಾಜ್ಯಸಭೆಗೆ ತಿಳಿಸಿದ್ದಾರೆ. ಜಿಪಿಎಸ್ ವ್ಯತ್ಯಯ ಕಂಡ ಹತ್ತು ನಿಮಿಷದೊಳಗೆ ವರದಿ ಮಾಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದೇ ನವೆಂಬರ್‌ನಲ್ಲಿ ಆದೇಶಿಸಿತು. ಹಿಂದಿನ ವಿಮಾನದ ಅನುಭವ ಮುಂದಿನವರಿಗೆ ಬೇಗ ತಲುಪಿದರೆ ಅವರು ಮೊದಲೇ ಬೇರೆ ವಿಧಾನ ಕೇಳಬಹುದು.

ಯಾವುದೂ ಒದಗದಿದ್ದರೆ

ಜಿಪಿಎಸ್ ಕೆಟ್ಟಿದೆ, ಆ ರನ್‌ವೇಗೆ ಐಎಲ್‌ಎಸ್ ಇಲ್ಲ, ಮೋಡ ವಿಒಆರ್‌ನ ಮಿತಿಗಿಂತ ಕೆಳಗಿದೆ ಎಂದಾದರೆ ಪೈಲಟ್ ಇಳಿಯಲು ಹೆಣಗುವುದಿಲ್ಲ. ಎಂಜಿನ್‌ಗೆ ಪೂರ್ಣ ಬಲ ಕೊಟ್ಟು, ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಮೇಲೇರುತ್ತಾರೆ. ಇದಕ್ಕೆ ಗೋ-ಅರೌಂಡ್ ಎಂದು ಹೆಸರು. ಒಳಗೆ ಕುಳಿತವರಿಗೆ ಎಂಜಿನ್‌ನ ಹಠಾತ್ ಅಬ್ಬರವೂ ಬೆನ್ನು ಆಸನಕ್ಕೆ ಒತ್ತಿದ ಅನುಭವವೂ ದಿಗಿಲು ಹುಟ್ಟಿಸಬಹುದು; ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಮಾಡಿ ಪಳಗಿರುವ ಕ್ರಮವದು. ಆಮೇಲೆ ಇನ್ನೊಂದು ರನ್‌ವೇಯನ್ನು ಕೇಳಬಹುದು, ಕಾಯಬಹುದು, ಇಲ್ಲವೇ ಬೇರೆ ಊರಿಗೆ ಹೋಗಬಹುದು.

ಬೇರೆ ಊರಿಗೆ ಹೋಗುವಷ್ಟು ಇಂಧನ ಹೊರಡುವ ಮುನ್ನವೇ ತುಂಬಿಸಿರುತ್ತದೆ. ತಲುಪಬೇಕಾದ ಊರಿಗೆ ಬೇಕಾದಷ್ಟು, ಅಲ್ಲಿಂದ ಪರ್ಯಾಯ ನಿಲ್ದಾಣಕ್ಕೆ ಬೇಕಾದಷ್ಟು, ಅದರ ಮೇಲೆ ಜೆಟ್ ವಿಮಾನವಾದರೆ ಇನ್ನೂ 30 ನಿಮಿಷ ಹಾರುವಷ್ಟು ಇಂಧನ ಇರಲೇಬೇಕೆಂಬುದು ನಿಯಮ. 2025ರ ನವೆಂಬರ್‌ನಲ್ಲಿ ದೆಹಲಿಗೆ ಹೊರಟು ಜೈಪುರದಲ್ಲಿ ಇಳಿದವರು ಮನೆ ಸೇರುವುದು ತಡವಾಯಿತು. ಆದರೆ ಅವರ ವಿಮಾನಕ್ಕೆ ಜೈಪುರದವರೆಗಿನ ಇಂಧನವನ್ನು ಹೊರಡುವ ಊರಿನಲ್ಲೇ ಯಾರೋ ಲೆಕ್ಕ ಹಾಕಿ ತುಂಬಿಸಿದ್ದರು.